ಒಂಟಿ ಕಿವಿಯ ಹುಲಿ

ಮಾಬ್ಲೇಶ್ವರನ ಮನೆಗೆ ಬಂದ ಹುಲಿಗೆ ಎಡಗಿವಿ ಇರಲಿಲ್ಲ. ಬಲಗಿವಿ ಇತ್ತು, ಮೀಸೆ ಇತ್ತು, ಬಾಲವಂತೂ ಬೇಕಾದ್ದಕ್ಕಿಂತ ಒಂದು ಗೇಣು ಉದ್ದವೇ ಇತ್ತು. ಎಡಗಿವಿ ಇರಬೇಕಾದ ಕಡೆ ಮಾತ್ರ ಒಂದು ತೂತು, ತೂತಿನಿಂದ ಇಣುಕುವ ಹತ್ತಿ.

ಈ ಬೊಂಬೆ ಹುಲಿ ಬಂದದ್ದು ಮಂಗಗಳ ಸಲುವಾಗಿ. ಹೋದ ವರ್ಷ ಹಿತ್ತಲಿನ ಮಿಟ್ಲಿ ಜಾತಿಯ ಬಾಳೆಗೊನೆಯನ್ನು ಮಂಗಗಳು ಪೂರ್ತಿ ತಿಂದು, ಸಿಪ್ಪೆಯನ್ನು ಅಂಗಳಕ್ಕೆ ಎಸೆದು ಹೋಗಿದ್ದವು. ಈ ಸಲವೂ ಗೊನೆ ಬಲಿಯುತ್ತಿತ್ತು. ಮಾಬ್ಲನ ಹೆಂಡತಿ ಮಾಲತಿ ಮಲ್ಲಿಗೆ ಮಾರಿ ಕೂಡಿಟ್ಟ ದುಡ್ಡನ್ನು ಅವನ ಕೈಗಿಟ್ಟು, "ಭಟ್ಕಳ ಪೇಟೆಗೆ ಹೋಗಿ ಕಣ್ಣಾರೆ ನೋಡಿ ಒಂದು ಹುಲಿ ತನ್ನಿ" ಎಂದಿದ್ದಳು. ಪೇಟೆಗೆ ಹೋಗುವ ಆಸಾಮಿಯೇ ಅವನು? ಮೊಬೈಲಿನಲ್ಲೇ ತರಿಸಿದ.

ಹೊಟ್ಟೆಪಾಡಿಗೆ ಅವನು ಸೊಸೈಟಿಯ ಗುಮಾಸ್ತ. ಆದರೆ ಮುಟ್ಟಳ್ಳಿಯ ನಮಗೆಲ್ಲ ಅವನು ಗೊತ್ತಿದ್ದದ್ದು ವಿಮರ್ಶಕನೆಂದು. ಆನ್‌ಲೈನಿನಲ್ಲಿ ತರಿಸಿದ ಬಾಚಣಿಗೆಗೂ ಪುಟಗಟ್ಟಲೆ ವಿಮರ್ಶೆ ಬರೆದು, ನಕ್ಷತ್ರ ಒತ್ತುವ ಮೊದಲು ಹೈಕೋರ್ಟಿನ ಜಡ್ಜಿನ ಹಾಗೆ ಕಣ್ಣು ಮುಚ್ಚಿ ಕೂರುವವನು. ನಮಗಾದರೂ ಬೇರೆ ಕೆಲಸವೇನಿದೆ? ಅವನು ಬರೆದದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದೆವು, ಓದದೆಯೂ ಒತ್ತುತ್ತಿದ್ದೆವು.

ಆ ಭಾನುವಾರ ಬದಲಿ ಹುಲಿ ಪಡೆಯಲು ಕೊನೆಯ ದಿನ. ದೂರು ಹಾಕಿ ಆಗಿತ್ತು. ಮಧ್ಯಾಹ್ನ ಕೊರಿಯರಿನ ಬೀರಪ್ಪ ಬಂದು, ಹಾಳಾದದ್ದರ ಫೋಟೋ ಹೊಡೆದು ಒಯ್ದರೆ ಹೊಸ ಹುಲಿ ಬರುತ್ತಿತ್ತು. ಅಲ್ಲಿಯವರೆಗೆ ಮಾಬ್ಲ ಕೈಕಟ್ಟಿ ಕೂತಿದ್ದರೆ ಮುಗಿದಿತ್ತು. ಕೂರಲಿಲ್ಲ. ಹುಲಿಯನ್ನು ಜಗಲಿಯ ಮೇಲೆ ನಿಲ್ಲಿಸಿಕೊಂಡು ವಿಮರ್ಶೆ ಬರೆಯಲು ಹೊರಟ.

"ಒಂದು ನಕ್ಷತ್ರ ಒತ್ತಿಬಿಡಿ, ಆತು" ಎಂದಳು ಮಾಲತಿ.

"ಸಿಟ್ಟಲ್ಲಿ ಬರೀಬಾರ್ದು ಮಾರಾಯ್ತಿ. ಹುಲಿ ಮಾಡಿದವ ಬೇರೆ, ಪ್ಯಾಕ್ ಮಾಡಿದವ ಬೇರೆ, ಹೊತ್ತು ತಂದವ ಬೇರೆ. ಬಾಲ ಎಷ್ಟು ಚೆನ್ನಾಗದೆ ನೋಡು! ಅದರ ಪುಣ್ಯ ಅದಕ್ಕೆ ಸಿಗೂದು ಬೇಡ್ವಾ?"

ಅಷ್ಟರಲ್ಲಿ ಪಕ್ಕದ ಮನೆಯ ನಿತ್ಯಾನಂದ ಪುಕ್ಕಟೆ ಪೇಪರು ಓದಲು ಬಂದ. ಹುಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಕಿವಿ ಇಲ್ದಿದ್ರೆ ಎಂತಾತು? ಇದನ್ನ ತರಿಸಿದ್ದು ಹೆದರ್ಸೂಕಾ, ಗುಟ್ಟು ಹೇಳೂಕಾ? ನ್ಯಾಯವಾಗಿ ಬರೀಬೇಕು ಅಂದ್ರೆ ಮಂಗನ್ನ ಕೇಳು ಮಾರಾಯ."

ನ್ಯಾಯ ಎಂಬ ಮಾತು ಕಿವಿಗೆ ಬಿದ್ದರೆ ಮಾಬ್ಲ ಕೂತಲ್ಲಿ ಕೂರುವುದಿಲ್ಲ. ಇಬ್ಬರೂ ಹುಲಿಯನ್ನು ಹೊತ್ತು ಬಾಳೆಯ ಬುಡದಲ್ಲಿ ನಿಲ್ಲಿಸಿದರು.

ಹುಲಿಯನ್ನು ಕಂಡದ್ದೇ, ಹಿತ್ತಲ ಬಳಿ ಕಟ್ಟಿದ್ದ ಎದುರು ಮನೆಯ ಜಯಂತಿಯ ದನ ಹಗ್ಗ ಹರಿದುಕೊಂಡು ಗದ್ದೆಗೆ ಓಡಿತು. ನಿತ್ಯಾನಂದನ ನಾಯಿ ಗಾಬರಿಯಲ್ಲಿ ಮಾಬ್ಲನ ಪಂಚೆಗೇ ಬಾಯಿ ಹಾಕಿತು. ಮಂಗಗಳು ಮಾತ್ರ ನಿಧಾನವಾಗಿ ಮರದಿಂದ ಇಳಿದವು. ದೊಡ್ಡದೊಂದು ಮಂಗ ಹುಲಿಯ ಹೆಗಲೇರಿ ಕೂತು, ಪ್ರೀತಿಯಿಂದ ಅದರ ತಲೆಯಲ್ಲಿ ಹೇನು ಹುಡುಕತೊಡಗಿತು.

"ನೋಡಿದ್ಯಾ? ಎರಡು ಕಿವಿ ಇದ್ದಿದ್ರೆ ಹೆದರ್ತಿತ್ತು!" ಎಂದ ಮಾಬ್ಲ, ಪಂಚೆ ಬಿಗಿದುಕೊಳ್ಳುತ್ತ.

ಮಾಲತಿ ಕೋಲು ಹಿಡಿದು ಮಂಗಗಳನ್ನು ಓಡಿಸಿದಳು. ಗೊನೆಯ ಕೆಳಗಿನ ಒಂದು ಚಿಪ್ಪು ಅಷ್ಟರಲ್ಲೇ ಹೋಗಿತ್ತು. ಗಂಡಸರಿಬ್ಬರೂ ದನದ ಬೆನ್ನು ಹತ್ತಿ, ಗದ್ದೆಯ ಕೆಸರಿನಲ್ಲಿ ಉರುಳಿ ಎದ್ದು, ಅಂತೂ ಅದನ್ನು ಹಿಡಿದು ತಂದು ಕಟ್ಟಿದರು. ಮಾಬ್ಲ ಹಿಂಬಾಗಿಲಿನಿಂದ ಒಳಹೋಗಿ, ಕಾಲು ತೊಳೆದು, ವಿಮರ್ಶೆಯಲ್ಲಿ ಮುಳುಗಿದ. ಕಿವಿಗೆ ಅರ್ಧ ನಕ್ಷತ್ರ ಕಳೆಯಬೇಕೋ ಒಂದು ಕಳೆಯಬೇಕೋ ಎಂಬಲ್ಲಿ ಸಿಕ್ಕಿಬಿದ್ದಾಗ ಬೀರಪ್ಪನ ಬೈಕು ಬಂತು.

ಮಾಲತಿ ಚಹಾ ಕೊಟ್ಟಳು. ಬೀರಪ್ಪ ಚಹಾ ಕುಡಿದು, ಜಗಲಿಯ ಮೇಲಿದ್ದ ಹುಲಿಯನ್ನು ನೋಡಿದ. ಮೊಬೈಲು ನೋಡಿದ. ಮತ್ತೆ ಹುಲಿಯನ್ನು ನೋಡಿದ.

"ಎಡಗಿವಿ ಇಲ್ಲ ಅಂತ ಬರ್ದೀರಿ ಮಾಬ್ಲಣ್ಣ. ಅದೆಯಲ್ಲ?"

ಮಾಬ್ಲ ಹೊರಗೆ ಓಡಿ ಬಂದ. ಹುಲಿಗೆ ಎಡಗಿವಿ ಇತ್ತು! ಹಳದಿ ಮಖಮಲ್ಲಿನ ಕಿವಿ, ಬಲಗಿವಿಗಿಂತ ಚೆಂದ, ಅಂಚಿಗೆ ಕಪ್ಪು ದಾರದ ಹೊಲಿಗೆ ಬೇರೆ.

"ಹೆಂಗಾಗದೆ ಮಾಬ್ಲಣ್ಣ?" ಬೇಲಿಯಾಚೆಯಿಂದ ಜಯಂತಿಯ ಮುಖ ಅರಳಿತು. ಅವಳು ಊರಿಗೆಲ್ಲ ಬಟ್ಟೆ ಹೊಲಿಯುವವಳು. "ನೀವು ನನ್ನ ದನ ಹಿಡಿಯೂಕೆ ಕೆಸರಲ್ಲಿ ಬಿದ್ರಿ ಪಾಪ. ನಂಗೂ ಮನಸ್ಸು ತಡೀಲಿಲ್ಲ. ಹಿತ್ತಲಿಂದ ತಂದು ನಾನೇ ಹೊಲ್ದು ಇಟ್ಟೆ."

ಇದಕ್ಕೆ ಬೈಯುವುದು ಹೇಗೆ?

"ನಂಗೆ ಹಾಳಾದ ಜಾಗದ ಫೋಟೋ ಬೇಕು" ಎಂದ ಬೀರಪ್ಪ. "ಇದರಲ್ಲಿ ಹಾಳಾದ್ದು ಎಂತದೂ ಇಲ್ಲ. ಹೊಸದಕ್ಕಿಂತ ಲಾಯ್ಕಾಗದೆ."

"ಅಯ್ಯೋ, ಆ ಕಿವಿ ಕಂಪನೀದಲ್ಲ, ನಮ್ಮದೇ! ನಿಲ್ಲು, ಈಗ ತೋರಿಸ್ತೆ."

ಮಾಬ್ಲ ಕಿವಿ ಹಿಡಿದು ಎಳೆದ. ಬರಲಿಲ್ಲ. ಜಯಂತಿ ಹೊಲಿದರೆ ಹೊಲಿದದ್ದೇ. ಕಾಲನ್ನು ಹುಲಿಯ ಎದೆಗೆ ಒತ್ತುಕೊಟ್ಟು, ಹಲ್ಲು ಕಚ್ಚಿ ಎಳೆದ. ಕಿವಿ ಬಿಡಲಿಲ್ಲ, ತಲೆಯೇ ಕಿತ್ತು ಬಂತು. ಮಾಬ್ಲ ಹುಲಿಯ ತಲೆಯನ್ನು ಎದೆಗವಚಿಕೊಂಡು ಜಗಲಿಯಿಂದ ಅಂಗಳಕ್ಕೆ ಬಿದ್ದ. ಬೀರಪ್ಪನ ಮೊಬೈಲು ಕ್ಲಿಕ್ ಎಂದಿತು.

"ಹಾಳಾದ್ದರ ಫೋಟೋ ಆತು. ಆದ್ರೆ ಹಾಳು ಮಾಡಿದವರೂ ಅದರಲ್ಲೇ ಬಂದ್ರು ಮಾಬ್ಲಣ್ಣ, ಎಂತ ಮಾಡೂದು?"

ಮಾಲತಿಯ ಮುಖ ಸಣ್ಣದಾಯಿತು. ಎಷ್ಟು ಮೊಳ ಮಲ್ಲಿಗೆ ಕಟ್ಟಿದ ದುಡ್ಡದು! ಅವಳು ಚಹಾದ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಬೀರಪ್ಪ ತಲೆ ಕೆರೆದುಕೊಂಡ. "ಮಾಲು ವಾಪಸ್ ತಕಣದಿದ್ರೆ ಗಿರಾಕಿ ಬಗ್ಗೆ ನಾವೂ ನಾಲ್ಕು ಸಾಲು ಬರ್ದು ನಕ್ಷತ್ರ ಒತ್ಬೇಕು. ಬದಲಿ ಕೊಡೂದಾ ಬೇಡ್ವಾ ಅಂತ ಕಂಪನಿ ಅದನ್ನ ನೋಡೇ ತೀರ್ಮಾನ ಮಾಡ್ತದೆ. ನಂಗೆ ಅದೆಲ್ಲ ಬರೂದಿಲ್ಲ. ಸೀಮೆಗೆಲ್ಲ ನ್ಯಾಯವಾಗಿ ಬರೆಯೋರು ನೀವು. ನೀವೇ ಬರ್ಕೊಡಿ."

ಬೇರೆ ಯಾರಾದರೂ ಆಗಿದ್ದರೆ ಐದು ನಕ್ಷತ್ರ ಒತ್ತಿ, ದೇವರಂಥ ಗಿರಾಕಿ ಎಂದು ಬರೆದು ಬದಲಿ ಹುಲಿ ಗಿಟ್ಟಿಸಿಕೊಳ್ಳುತ್ತಿದ್ದರು. ಮಾಬ್ಲ ಮೈಗಂಟಿದ ಮಣ್ಣು ಕೊಡವಿ, ಬೀರಪ್ಪನ ಮೊಬೈಲು ತೆಗೆದುಕೊಂಡು, ನೆಟ್ಟಗೆ ಕೂತು, ಕಣ್ಣು ಮುಚ್ಚಿ ತೆರೆದು ಬರೆದ:

"ಗಿರಾಕಿ ನೋಡಲು ಸಜ್ಜನ. ಚಹಾ ಚೆನ್ನಾಗಿತ್ತು, ಆದರೆ ಅದನ್ನು ಮಾಡಿದ್ದು ಅವರ ಹೆಂಡತಿ. ಹುಲಿ ಒಂದು ಕಿವಿ ಇಲ್ಲದೆ ಬಂದದ್ದು ನಿಜ. ಆದರೆ ತಲೆ ಕಿತ್ತದ್ದು ಗಿರಾಕಿಯೇ. ಕಿತ್ತದ್ದು ಸಿಟ್ಟಿನಲ್ಲಿ. ತಾಳ್ಮೆ ಕಡಿಮೆ, ಬುದ್ಧಿ ಇನ್ನೂ ಕಡಿಮೆ."

"ಎರಡಾದ್ರೂ ನಕ್ಷತ್ರ ಒತ್ತು ಮಾರಾಯ, ನಿಂಗೇ ಅಲ್ವಾ?" ಎಂದ ನಿತ್ಯಾನಂದ.

"ನ್ಯಾಯ ಅಂದ್ರೆ ನ್ಯಾಯ" ಎಂದು ಮಾಬ್ಲ ಒಂದೇ ಒತ್ತಿದ.

ಒತ್ತಿದ್ದೇ ತಡ, ಅವನ ಮೊಬೈಲು ಕಿಣಿ ಎಂದಿತು. ಬದಲಿ ಹುಲಿ ಇಲ್ಲ. ಅಷ್ಟೇ ಅಲ್ಲ, ಒಂದು ನಕ್ಷತ್ರದ ಗಿರಾಕಿಯಾದ ಅವನ ಯಾವ ವಿಮರ್ಶೆಯನ್ನೂ ಇನ್ನು ಮುಂದೆ ಕಂಪನಿ ಪ್ರಕಟಿಸುವುದಿಲ್ಲ. ಮಾಬ್ಲನ ಕಣ್ಣಲ್ಲಿ ನೀರು ಬಂತು. ದನದ ಗಲಾಟೆ ಕೇಳಿ ಅಂಗಳದಲ್ಲಿ ಸೇರಿದ್ದ ನಾವ್ಯಾರೂ ನಗಲಿಲ್ಲ, ನಗು ಬಂದವರು ಬೇಲಿಯ ಕಡೆ ತಿರುಗಿ ನಿಂತೆವು.

ಬೀರಪ್ಪನ ಮೊಬೈಲಿನಲ್ಲಿ ಮಾಬ್ಲ ಬರೆದ ಸಾಲುಗಳ ಕೆಳಗೆ ಇನ್ನೊಂದು ಪ್ರಶ್ನೆ ಮೂಡಿತು: "ಈ ವಿಮರ್ಶೆಯಿಂದ ನಿಮಗೆ ಉಪಯೋಗವಾಯಿತೇ?"

"ಇದಕ್ಕೆ ಎಂತ ಒತ್ತೂದು?" ಎಂದು ಬೀರಪ್ಪ ಎಲ್ಲರ ಮುಖ ನೋಡಿದ.

ಮಾಲತಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಮೊಬೈಲು ಇಸಕೊಂಡು, ಗಂಡ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ, ಹೌದು ಎಂದು ಒತ್ತಿದಳು.