ಖಾಲಿ ಪೈಪಿಗೆ ಒಡೆದ ಕಾಯಿ

ಬೆಂಕಿ ಬಿದ್ದಾಗ ಜನ ಏನು ಮಾಡುತ್ತಾರೋ ನಾನು ನೋಡಿಲ್ಲ. ಬೀಳದೆ ಇದ್ದಾಗ ಏನೇನು ಮಾಡುತ್ತಾರೆ ಎಂಬುದನ್ನು ಬೆಂಕಿ ಆರಿಸುವ ಪೈಪುಗಳ ನಿರ್ವಹಣೆಗೆಂದು ಬೈಂದೂರಿನಿಂದ ಬ್ರಹ್ಮಾವರದವರೆಗೆ ಬೈಕಿನಲ್ಲಿ ಅಲೆಯುತ್ತ ದಿನಾ ನೋಡುತ್ತೇನೆ. ತಲ್ಲೂರಿನ ಹತ್ತಿರದ ಮೀನಿನ ಕೋಲ್ಡ್ ಸ್ಟೋರೇಜ್ ಒಂದರಲ್ಲೇ ಇಷ್ಟು.

1. ಗಾಳಿ

ಚಳಿ ಕೊರೆಯುವ ಕೋಣೆಯಲ್ಲಿ, ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರಿಟ್ಟರೆ ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಅದಕ್ಕೇ ಗಾಳಿ ತುಂಬಿರುತ್ತೇವೆ. ಆ ಗಾಳಿಯ ಒತ್ತಡವೇ ಹೊರಗಿನ ವಾಲ್ವ್ ಮುಚ್ಚಿಟ್ಟು ನೀರನ್ನು ತಡೆಯುತ್ತದೆ. ಬೆಂಕಿಯ ಬಿಸಿಗೆ ಸ್ಪ್ರಿಂಕ್ಲರ್ ಬಾಯಿ ತೆರೆದು ಗಾಳಿ ಹೋಯಿತೋ, ನೀರು ನುಗ್ಗುತ್ತದೆ. ಇದನ್ನು ಮಾಲೀಕರಿಗೆ ಚಿತ್ರ ಬರೆದು ವಿವರಿಸಿದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದು ಇದಕ್ಕೇ.

"ಬೆಂಕಿಗ್ ಗಾಳಿ ಹಾಕುಕೆ ನೀವ್ ಎಂತಕ್ಕೆ?" ಎಂದರು.

ಪೈಪಿನಲ್ಲಿ ನೀರು ಕಣ್ಣಾರೆ ಕಾಣದೆ ನಿರ್ವಹಣೆಯ ಕರಾರಿಗೆ ಮತ್ತೆ ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ಆ ಕರಾರು ಹೋದರೆ ನನ್ನ ಕೆಲಸವೂ ಹೋಗುತ್ತದೆಂದು ನಮ್ಮ ಕಂಪನಿ ಮೊದಲೇ ತಿಳಿಸಿತ್ತು. ಸರಿ, ಈಗಲೇ ನೀರು ಬಿಟ್ಟು ತೋರಿಸುತ್ತೇನೆ ಎಂದೆ. ಮೀನಿನ ಕೋಣೆಗೆ ನೀರು ಬಿಡಲು ಅವರು ಒಪ್ಪಲಿಲ್ಲ.

2. ಸೋರಿಕೆ

ದಿನಾ ಸಂಜೆ ಗಾಳಿಯ ಒತ್ತಡ ಇಳಿಯುತ್ತಿತ್ತು. ಅಲ್ಲಿನ ಯಂತ್ರ ನೋಡಿಕೊಳ್ಳುವ ಆಪರೇಟರ್ ಫೋನ್ ಮಾಡುತ್ತಿದ್ದ, ನಾನು ಓಡುತ್ತಿದ್ದೆ. ಮೂರು ದಿನ ಏಣಿ ಹತ್ತಿ ಪೈಪಿನ ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ನಾಲ್ಕನೇ ದಿನ ಹೇಳದೆ ಹೋದೆ. ಮೀನು ಮಾರುವವರ ಆರು ಸ್ಕೂಟರ್ ಸಾಲಾಗಿ ನಿಂತಿದ್ದವು. ಆಪರೇಟರ್ ನಮ್ಮ ಗಾಳಿಯ ಪೈಪಿಗೆ ಟ್ಯೂಬ್ ಸಿಕ್ಕಿಸಿ ಟಯರಿಗೆ ಗಾಳಿ ಹೊಡೆಯುತ್ತಿದ್ದ. ನನ್ನನ್ನು ಕಂಡು ಬೆಚ್ಚಲೂ ಇಲ್ಲ.

"ಹ್ವಾಯ್, ಹಿಂದ್ ನಿಲ್ಸಿ. ನಿಮ್ದ್ ಹಿಂದಿನ್ ಟಯರೂ ಇಳ್ದಿತ್."

ಇಳಿದಿತ್ತು. ನಿಲ್ಲಿಸಿದೆ.

3. ರಜೆ

ಕರಾರು ಮುಗಿಯಲು ಒಂದು ವಾರವಿತ್ತು. ಆಯುಧಪೂಜೆ ಬಂತು. ಪೂಜೆಯ ದಿನ ಯಂತ್ರಗಳಿಗೆ ರಜೆ. ಕೋಣೆ ತಂಪು ಮಾಡುವ ಯಂತ್ರ ನಿಂತರೆ ಮೀನು ಕೊಳೆಯುತ್ತದೆ, ಹಾಗಾಗಿ ಅದಕ್ಕೆ ದೇವರೇ ವಿನಾಯಿತಿ ಕೊಟ್ಟಿದ್ದ. ನಮ್ಮ ಪೈಪಿಗೆ ಗಾಳಿ ತುಂಬುವ ಕಂಪ್ರೆಸರನ್ನು ಮಾತ್ರ ಬೆಳಿಗ್ಗೆಯೇ ಶ್ರದ್ಧೆಯಿಂದ ನಿಲ್ಲಿಸಿ, ಒರೆಸಿ, ಹೂ ಮುಡಿಸಿದರು. ಪೈಪಿನಲ್ಲಿ ಉಳಿದ ಗಾಳಿ ಪೂಜೆಗೆ ಬಂದ ಸ್ಕೂಟರುಗಳಿಗೆ ಹೋಯಿತು.

ಭಟ್ಟರು ಕಾಯಿ ಒಡೆದು ಮಂಗಳಾರತಿ ಎತ್ತುವ ಹೊತ್ತಿಗೆ ವಾಲ್ವ್ ತೆರೆದುಕೊಂಡು ಪೈಪಿಗೆ ನೀರು ನುಗ್ಗಿತು. ನಮ್ಮ ಎಚ್ಚರಿಕೆಯ ಗಂಟೆಯೂ ಹೊಡೆಯಿತು. ಆರತಿ ಈ ವರ್ಷ ಜೋರಾಯಿತು ಎಂದುಕೊಂಡು ಎಲ್ಲರೂ ಊಟಕ್ಕೆ ಕುಳಿತರು. ನನಗೆ ಫೋನ್ ಬಂದದ್ದು ಸಂಜೆ. ಓಡಿದೆ. ನೀರು ಹೆಪ್ಪುಗಟ್ಟಿ ಎರಡು ಕಡೆ ಪೈಪು ಸೀಳಿಹೋಗಿತ್ತು. ಕೆಲಸ ಹೋಯಿತು ಎಂದುಕೊಂಡೆ.

ಮಾಲೀಕರು ಸೀಳಿನಿಂದ ಇಣುಕುತ್ತಿದ್ದ ಮಂಜುಗಡ್ಡೆಯನ್ನು ಮುಟ್ಟಿ ನೋಡಿದರು. ಕರಾರು ತರಿಸಿ ಸಹಿ ಹಾಕಿದರು. ಆಮೇಲೆ ಹೇಳಿದರು:

"ನೀವ್ ವರ್ಷ ಇಡೀ ಬಂದ್ರಿ, ಒಂದ್ ತೊಟ್ಟ್ ನೀರ್ ಕಾಣ್ಲಿಲ್ಲ. ಭಟ್ರ್ ಒಂದ್ ಕಾಯಿ ಒಡದ್ರ್, ಪೈಪ್ ತುಂಬ್ತ್. ಇನ್ ಮೇಲೆ ಬಪ್ಪ ಹೊತ್ತಿಗೆ ಅವ್ರನ್ನೂ ಕರ್ಕಂಡ್ ಬನ್ನಿ."