ವೋರಾಕ್‌ನ ಬಾಯಿಂದ ಬಿದ್ದ ಮಾತು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಗೋಂದಿನ ಡಬ್ಬಿ. ಗುರುವಾರ ಸಂಜೆ ಲೆಸ್ಟರ್ ಪಿನ್‌ಸ್ಕಿ ತನ್ನ ಬೂಟಿನ ಬಾಯಿ ಬಿಟ್ಟ ಅಟ್ಟೆಗೆ ಆಫೀಸಿನ ಗೋಂದು ಬಳಿದ. ಅದೇನೂ ಮಹಾಪರಾಧವಲ್ಲ. ಆದರೆ ಡಬ್ಬಿಯ ಮುಚ್ಚಳ ಹಾಕದೆ ಮನೆಗೆ ಹೋದ. ಜುಲೈ ತಿಂಗಳ ನ್ಯೂಯಾರ್ಕಿನ ಸೆಕೆಯಲ್ಲಿ ಗೋಂದು ಬೆಳಗಾಗುವಷ್ಟರಲ್ಲಿ ರಬ್ಬರಿನ ಉಂಡೆಯಾಗಿ ಕೂತಿತ್ತು.

ಲೆಸ್ಟರ್‌ನ ಕೆಲಸ ಮಾತು ಬರೆಯುವುದು. 'ಬ್ರಹ್ಮಾಂಡ ವೀರ ವೋರಾಕ್' ಎಂಬ ಕಾಮಿಕ್ಸಿನಲ್ಲಿ ಮೊದಲು ರೋಕೊ ಚಿತ್ರ ಬರೆಯುತ್ತಾನೆ. ಆಮೇಲೆ ಲೆಸ್ಟರ್ ಅದನ್ನು ನೋಡಿಕೊಂಡು ಯಾರು ಏನು ಹೇಳಿದರೆಂದು ಕಲ್ಪಿಸುತ್ತಾನೆ. ಅಕ್ಷರಗಾತಿ ಅಗ್ನೆಸ್ ಆ ಮಾತುಗಳನ್ನು ಬಿಳಿ ಕಾಗದದ ಮೇಲೆ ದುಂಡಗೆ ಬರೆದು, ಬಾಲ ಇರುವ ಬಲೂನಿನಂತೆ ಕತ್ತರಿಸಿ, ಚಿತ್ರದ ಮೇಲೆ ಅಂಟಿಸುತ್ತಾಳೆ. ಬಾಲ ಯಾರ ಬಾಯಿಯ ಕಡೆಗಿದೆಯೋ ಮಾತು ಅವರದು.

ಶುಕ್ರವಾರ ಬೆಳಿಗ್ಗೆ ಸಂಪಾದಕ ಡೂಗನ್ ಅವನನ್ನು ಒಳಗೆ ಕರೆದ. ಡೂಗನ್ ಕೋಣೆಗೆ ಎಂಥ ಸೆಕೆಯಲ್ಲೂ ಕೋಟು ಹಾಕಿಕೊಂಡೇ ಹೋಗಬೇಕು.

"ಓದುಗರ ಕಾಗದ ಬಂದಿದೆ, ಓಹಾಯೋದಿಂದ," ಎಂದ ಡೂಗನ್. "ಒಂದು ಹುಡುಗಿ ಬರ್ದಿದಾಳೆ, 'ವೋರಾಕ್ ಹದಿನಾಲ್ಕು ಸಂಚಿಕೆಯಲ್ಲಿ ಒಂಬತ್ತು ಗ್ರಹ ಒಡೆದ. ಹೆಂಡತಿ ಇಲೂನಾನ ಒಂದ್ಸಲಾನೂ ಹೇಗಿದೀಯ ಅಂತ ಕೇಳಲಿಲ್ಲ' ಅಂತ. ಏನಯ್ಯ ಹೇಳ್ತೀಯ?"

"ಗ್ರಹ ಒಡೆಯೋ ಗಡಿಬಿಡಿಯಲ್ಲಿ, ಸಾರ್..."

"ಆಳ ಬೇಕಯ್ಯ, ಆಳ! ಗಂಡ ಹೆಂಡತಿ ಸಂಬಂಧ ಅಂದ್ರೆ ಎದೆ ಹಿಂಡಬೇಕು. ಐದು ಗಂಟೆಗೆ ಪ್ರೆಸ್ಸಿನವನು ಬರ್ತಾನೆ. ಅಷ್ಟರೊಳಗೆ ಕೊನೇ ನಾಲ್ಕು ಪುಟ ನೋಡಿ ನನಗೆ ಅಳು ಬರಬೇಕು. ಬರಲಿಲ್ವೋ, ವೋರಾಕ್‌ಗೂ ನಿನಗೂ ಒಟ್ಟಿಗೇ ತಿಥಿ."

ಡೂಗನ್ ಕೊನೆಯ ಸಲ ಅತ್ತದ್ದು ರೇಸಿನಲ್ಲಿ ತಾನು ನಂಬಿದ ಕುದುರೆ ನಾಲ್ಕನೆಯದಾಗಿ ಬಂದಾಗ. ಲೆಸ್ಟರ್‌ನ ಹೊಟ್ಟೆಪಾಡಿಗಿದ್ದದ್ದು ಇದೊಂದೇ ಪುಸ್ತಕ.

ಹೊರಗೆ ಬಂದು ರೋಕೊನ ನಾಲ್ಕು ಪುಟ ನೋಡಿದ. ವೋರಾಕ್ ಮತ್ತು ಇಲೂನಾ ಎದುರುಬದುರು ನಿಂತಿದ್ದಾರೆ. ಮುಂದಿನ ಪುಟದಲ್ಲೂ ನಿಂತಿದ್ದಾರೆ. ನಾಲ್ಕನೆಯದರಲ್ಲೂ ನಿಂತೇ ಇದ್ದಾರೆ. ಹಿಂದೆ ಕಪ್ಪು ಆಕಾಶ, ಅಲ್ಲಲ್ಲಿ ಚುಕ್ಕಿ.

"ಇದೇನೋ ರೋಕೊ? ಒಬ್ಬರೂ ಕೈಕಾಲು ಆಡಿಸಿಲ್ಲವಲ್ಲೋ!"

"ಆಳ ಕಣೋ ಅದು, ಆಳ," ಎಂದ ರೋಕೊ. ಅವನು ಬುಧವಾರ ಮೀನು ಹಿಡಿಯಲು ಹೋಗಿದ್ದ, ಕೆಲಸ ಉಳಿದಿತ್ತು, ಕಪ್ಪು ಶಾಯಿ ಧಾರಾಳವಾಗಿತ್ತು. ಇದು ಲೆಸ್ಟರ್‌ಗೂ ಗೊತ್ತು.

ಅಷ್ಟರಲ್ಲಿ ಫೋನು. ಹೆಂಡತಿ ಥೆಲ್ಮಾ.

"ಲೆಸ್ಟರ್, ನೆನಪಿದೆ ತಾನೆ? ನಮ್ಮಮ್ಮ ಬಂದಿದಾಳೆ. ಏಳು ಗಂಟೆಗೆ ಸರಿಯಾಗಿ ಊಟಕ್ಕೆ ಬಾ. ಆ ಬೂದು ಕೋಟು ತೆಗೀಬೇಡ, ಅದರಲ್ಲೊಂದೇ ನೀನು ಮನುಷ್ಯನ ಹಾಗೆ ಕಾಣ್ತೀಯ. ಇನ್ನೇನು ಭಾನುವಾರ ಹೊರಟೇ ಹೋಗ್ತಾಳೆ. ಅಲ್ಲೀವರೆಗೆ ಬಾಯ್ತುಂಬ ಎರಡು ಒಳ್ಳೇ ಮಾತಾಡು. ನಿನ್ನ ಮಾತೆಲ್ಲ ಆ ಚಡ್ಡಿವೀರನಿಗೇ ಖರ್ಚು ಮಾಡಬೇಡ."

"ಆಯ್ತು ಥೆಲ್ಮಾ," ಎಂದ ಲೆಸ್ಟರ್. ಮನೆಯಲ್ಲಿ ಅವನು ಆಡುವ ಮಾತು ಬಹುಮಟ್ಟಿಗೆ ಅದೇ. ಗಂಡ ಹೆಂಡತಿ ಮನಸ್ಸು ಬಿಚ್ಚಿ ಏನು ಮಾತಾಡುತ್ತಾರೆ? ಮದುವೆಯಾಗಿ ಹನ್ನೊಂದು ವರ್ಷವಾದರೂ ಪಾಪ ಅವನಿಗೆ ಗೊತ್ತಿರಲಿಲ್ಲ. ಸಂಕೋಚ ಬಿಟ್ಟು ಅಗ್ನೆಸ್‌ಳನ್ನೇ ಕೇಳಿದ.

ಕೇಳಿದ್ದೇ ತಡ. ಅಗ್ನೆಸ್ ನಿಬ್ಬು ಕೆಳಗಿಟ್ಟಳು. "ನನ್ನ ಸ್ಟಾನ್ಲಿಯನ್ನ ತಗೋ. ಮೂವತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, 'ನೀನು ಊಟ ಮಾಡಿದೆಯಾ' ಅಂತ ಕೇಳಿದಾನಾ? ಬರ್ಕೋ!"

ಲೆಸ್ಟರ್ ಬರೆದುಕೊಂಡ. "ಮೂವತ್ತು ಯುಗಗಳಲ್ಲಿ ಒಮ್ಮೆಯಾದರೂ ನನ್ನ ಊಟವಾಯಿತೇ ಎಂದು ಕೇಳಿದೆಯಾ, ವೋರಾಕ್?"

"ನನ್ನವಳು ನನ್ನ ಮೈಯೆಲ್ಲ ಮೀನಿನ ವಾಸನೆ ಅಂತಾಳೆ," ಎಂದ ರೋಕೊ. ಅದು "ನಿನ್ನ ಮೇಲಂಗಿಯಲ್ಲಿ ಪರ ಧೂಮಕೇತುವಿನ ವಾಸನೆ!" ಎಂದಾಯಿತು.

ಫೋನು ನೋಡಿಕೊಳ್ಳುವ ಡಾಟಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. ಕುರ್ಚಿ ಎಳೆದುಕೊಂಡು ಬಂದಳು. "ಅಯ್ಯೋ, ಇವೆಲ್ಲ ಒಂದು ಜಗಳವೇ? ನಮ್ಮಮ್ಮ ಮೂರು ವರ್ಷದ ಹಿಂದೆ ಹಬ್ಬಕ್ಕೆ ಅಂತ ಬಂದೋಳು ಇನ್ನೂ ಇಲ್ಲೇ ಇದಾಳೆ. ನನ್ನ ಗಂಡ ನಿನ್ನೆ ಏನಂದ ಗೊತ್ತಾ? 'ನಿಮ್ಮಮ್ಮ ಈ ಊರು ಬಿಟ್ಟು ತೊಲಗೋ ತನಕ ನನ್ನ ಜೀವಕ್ಕೆ ನೆಮ್ಮದಿ ಇಲ್ಲ' ಅಂದ. ಕಣ್ಣಲ್ಲಿ ನೀರಿತ್ತು, ಪಾಪ."

"ಇಲೂನಾಗೆ ತಾಯಿ ಇಲ್ವಲ್ಲ ಡಾಟಿ. ಅವಳು ಸೂರ್ಯನ ಬೆಂಕಿಯಿಂದ ಹುಟ್ಟಿದೋಳು."

"ಬೆಂಕಿಗೂ ಒಬ್ಬಳು ಅಮ್ಮ ಇರ್ತಾಳೆ. ಸುಮ್ನೆ ಬರಿ!"

ಲೆಸ್ಟರ್ ಬರೆದ. ಒಟ್ಟು ಇಪ್ಪತ್ತೆರಡು ಬಲೂನು. ಅಗ್ನೆಸ್ ಹಲ್ಲು ಕಚ್ಚಿ ನಾಲ್ಕೂವರೆಗೆಲ್ಲ ಬರೆದು ಕತ್ತರಿಸಿ ಕೊಟ್ಟಳು. ಆಮೇಲೆ ಗೋಂದಿನ ಡಬ್ಬಿಗೆ ಕೈ ಹಾಕಿದಳು.

"ಯಾವ ಮಹಾನುಭಾವ ಮುಚ್ಚಳ ತೆಗೆದಿಟ್ಟಿದ್ದು?"

ಲೆಸ್ಟರ್ ತನ್ನ ಬೂಟನ್ನು ಮೆಲ್ಲಗೆ ಮೇಜಿನ ಕೆಳಗೆ ಎಳೆದುಕೊಂಡ.

ತಳದಲ್ಲಿ ಉಳಿದದ್ದನ್ನು ಕೆರೆದು ಬಳಿದದ್ದಾಯಿತು. ಅದು ವಿಚಿತ್ರ ಗೋಂದು. ಕಾಗದಕ್ಕೆ ಹಿಡಿಯಲು ಮೀನಮೇಷ ಎಣಿಸುತ್ತದೆ, ಬಟ್ಟೆಗೆ ಹತ್ತಿತೋ ಬಾಳೆಕಾಯಿಯ ಅಂಟಿನಂತೆ ಬಿಡುವುದಿಲ್ಲ. ಹಳೆಯ ಫ್ಯಾನು ಬೇರೆ ಗರಗರ ತಿರುಗುತ್ತ ಬಲೂನುಗಳನ್ನು ಮೇಜಿನಿಂದ ಹಾರಿಸುತ್ತಿತ್ತು. ಹಿಡಿದು ಹಿಡಿದು ಅಂಟಿಸಿ ಎಣಿಸಿದರೆ ಇಪ್ಪತ್ತೊಂದೇ ಇದೆ. ಮೇಜಿನ ಕೆಳಗೆ ಹುಡುಕಿದರು, ಲೆಸ್ಟರ್ ಕೋಟು ನೇತುಹಾಕಿದ್ದ ಕುರ್ಚಿಯ ಕೆಳಗೂ ಹುಡುಕಿದರು. ಸಿಗಲಿಲ್ಲ.

"ನಮ್ಮಮ್ಮನ ಬಲೂನೇ ಇಲ್ಲ!" ಎಂದಳು ಡಾಟಿ.

"ಹೋಗ್ಲಿ ಬಿಡೇ. ಸಂಸಾರದಲ್ಲಿ ಒಂದು ಮಾತು ಕಮ್ಮಿ ಆದ್ರೆ ಒಳ್ಳೇದೇ," ಎಂದಳು ಅಗ್ನೆಸ್. "ಓಡು ಲೆಸ್ಟರ್, ಐದಾಯ್ತು!"

ಲೆಸ್ಟರ್ ಕೋಟು ಏರಿಸಿಕೊಂಡು, ಪುಟಗಳನ್ನು ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದು ಓಡಿದ. ಅಟ್ಟೆ ಪಟಪಟ ಬಡಿಯಿತು, ಅದೂ ಅಂಟಿರಲಿಲ್ಲ. ಓಣಿಯುದ್ದಕ್ಕೂ ಅವನ ಹಿಂದೆ ಒಂದೊಂದೇ ಬಲೂನು ಉದುರುತ್ತ ಬಂತು. ಉಳಿದ ಏಳೆಂಟನ್ನು ಡೂಗನ್ ಬಾಗಿಲಲ್ಲಿದ್ದ ದೊಡ್ಡ ಫ್ಯಾನು ಒಂದೇ ಉಸಿರಿಗೆ ಕಿಟಕಿಯಾಚೆ ಕಳಿಸಿತು. ಲೆಸ್ಟರ್ ಅವು ಏಳು ಮಹಡಿ ಕೆಳಗಿಳಿಯುವುದನ್ನು ಬಾಯಿ ಬಿಟ್ಟು ನೋಡಿದ. ಅಷ್ಟರಲ್ಲಿ ಪುಟಗಳು ಡೂಗನ್ ಕೈಗೆ ಹೋಗಿದ್ದವು.

ಡೂಗನ್ ಮೊದಲ ಪುಟ ನೋಡಿದ. ಎರಡನೆಯದು ನೋಡಿದ. ಮೂರನೆಯದಕ್ಕೆ ಬಾಯಿಂದ ಸಿಗಾರು ತೆಗೆದ. ನಾಲ್ಕನೆಯದಕ್ಕೆ ಕರ್ಚೀಫು ತೆಗೆದ.

"ಮಾರ್ಗರೆಟ್ ನನ್ನ ಬಿಟ್ಟು ಹೋದ ದಿನ," ಎಂದ, "ನಾವಿಬ್ರೂ ಅಡುಗೆಮನೇಲಿ ಹೀಗೇ ನಿಂತಿದ್ವಿ ಕಣಯ್ಯ. ಹೋಗಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಒಂದು ಮಾತೂ ಹೊರಡಲಿಲ್ಲ ನನಗೆ." ಆ ಗಟ್ಟಿ ಮನುಷ್ಯ ಮಗುವಿನಂತೆ ಬಿಕ್ಕಿದ.

"ಇದನ್ನ ಬೇಕೂಂತ್ಲೇ ಮಾಡಿದೆಯಾ? ಮಾತೇ ಇಲ್ಲದ ಹಾಗೆ?"

ನಿಜ ಹೇಳಲು ಅದೇ ಸಮಯ. ಆದರೆ ಹೊಗಳಿಕೆಯ ರುಚಿ ಕಂಡವನು ಎಲ್ಲಿ ಬಿಡುತ್ತಾನೆ? "ಹೌದು ಸಾರ್," ಎಂದ ಲೆಸ್ಟರ್ ಎದೆ ಉಬ್ಬಿಸಿ. "ಯೋಚನೆ ಮಾಡಿಯೇ ಮಾಡಿದ್ದು. ನನ್ನ ಕೇಳಿದ್ರೆ ಈ ಪುಸ್ತಕಕ್ಕೆ ಮಾತೇ ಬೇಕಿಲ್ಲ."

"ಭೇಷ್! ಇನ್ನು ಮುಂದೆ ಎಲ್ಲಾ ಸಂಚಿಕೇನೂ ಹೀಗೇ!" ಡೂಗನ್ ಮೂಗೊರೆಸಿಕೊಂಡ, ಕರ್ಚೀಫು ಮಡಿಸಿದ, ಯೋಚಿಸಿದ. "ಅಂದ್ಹಾಗೆ ಲೆಸ್ಟರ್, ಮಾತೇ ಬೇಡ ಅಂದ್ಮೇಲೆ ಮಾತು ಬರೆಯೋನು ಯಾಕಯ್ಯ? ರೋಕೊ ಒಬ್ಬನೇ ಸಾಕಲ್ಲ. ನೀನೇ ಬಾಯ್ಬಿಟ್ಟು ಹೇಳಿದೆ ನೋಡು, ಅದು ದೊಡ್ಡ ಗುಣ. ಸೋಮವಾರದಿಂದ ಬರೋ ತೊಂದರೆ ತಗೋಬೇಡ."

ಲೆಸ್ಟರ್ ಸಬ್‌ವೇ ರೈಲು ಹತ್ತಿದ. ಗಾಡಿ ಕಿಕ್ಕಿರಿದಿತ್ತು. ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಕೆಲಸ ಹೋದವನ ಮುಖ ಹಿಂದಿನಿಂದಲೂ ಕಾಣುತ್ತದೇನೋ ಎಂದುಕೊಂಡ. ಇಳಿಯುವಾಗ ಮುದುಕನೊಬ್ಬ ಅವನ ಹೆಗಲು ತಟ್ಟಿ, "ಗಂಡಸು ಕಣಪ್ಪ ನೀನು. ನಲವತ್ತು ವರ್ಷ ನನಗೆ ಈ ಧೈರ್ಯ ಬರಲಿಲ್ಲ," ಎಂದ. ಲೆಸ್ಟರ್‌ಗೆ ಅರ್ಥವಾಗಲಿಲ್ಲ. ಆದರೂ ಸಮಾಧಾನವಾಯಿತು. ಲೋಕದಲ್ಲಿ ಒಳ್ಳೆಯವರೂ ಇದ್ದಾರೆ.

ಏಳಕ್ಕೆ ಸರಿಯಾಗಿ ಮನೆ ತಲುಪಿದ. ಕೆಲಸದ ಸುದ್ದಿ ಊಟವಾದ ಮೇಲೆ ಹೇಳಿದರಾಯಿತು. ಅತ್ತೆ ಮಿಸೆಸ್ ಗ್ರೂಬರ್ ಸೋಫಾದಲ್ಲಿ ಕೂತಿದ್ದಳು. ಲೆಸ್ಟರ್ ಇದ್ದಬದ್ದ ಜೇನನ್ನೆಲ್ಲ ನಾಲಿಗೆಗೆ ಸವರಿಕೊಂಡ.

"ಅಮ್ಮಾ, ನೀವು ಬಂದ್ಮೇಲೆ ಈ ಮನೆಗೆ ಒಂದು ಕಳೆ ಬಂತು ನೋಡಿ. ನಿಮ್ಮನ್ನ ನೋಡಿದ್ರೆ ನನಗೆ ನಮ್ಮಮ್ಮನ್ನೇ ನೋಡಿದ ಹಾಗೆ. ಬನ್ನಿ, ಊಟಕ್ಕೆ ಏಳಿ, ಹುರಿದ ಮಾಂಸ ಆರಿಹೋಗುತ್ತೆ."

ಅತ್ತೆಯ ಮುಖ ಅರಳಿತು. ಥೆಲ್ಮಾ ಕಣ್ಣಲ್ಲಿ ಆನಂದಬಾಷ್ಪ. ಲೆಸ್ಟರ್ ತಿರುಗಿ, ದಾರಿ ತೋರಿಸುತ್ತ ಮುಂದೆ ನಡೆದ.

ಹಿಂದೆ ಹೆಜ್ಜೆ ಸದ್ದು ನಿಂತಿತು. ಅತ್ತೆ ಕನ್ನಡಕ ಏರಿಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಓದಿದಳು.

"ನಿನ್ನ ತಾಯಿ... ಈ ನಕ್ಷತ್ರಮಂಡಲ ಬಿಟ್ಟು... ತೊಲಗುವ ತನಕ... ನನ್ನ ಜೀವಕ್ಕೆ ನೆಮ್ಮದಿಯಿಲ್ಲ!"

ಬೂದು ಕೋಟಿನ ಬೆನ್ನ ಮೇಲೆ ಅಗ್ನೆಸ್‌ಳ ದುಂಡು ಅಕ್ಷರ ಮುತ್ತಿನಂತೆ ಹೊಳೆಯುತ್ತಿತ್ತು. ಬಲೂನಿನ ಬಾಲ ನೇರ ಲೆಸ್ಟರ್‌ನ ಕತ್ತಿನ ಕಡೆಗಿತ್ತು.

"ಅಮ್ಮಾ, ಅದು ನನ್ನ ಮಾತಲ್ಲ, ವೋರಾಕ್‌ದು!" ಕೀಳಲು ಹೋದ. ಕೋಟು ಪರ್ರೆಂದಿತು, ಬಲೂನು ಅಲ್ಲಾಡಲಿಲ್ಲ.

"ಎರಡು ಮಾತಾಡು ಅಂದೆ," ಎಂದಳು ಥೆಲ್ಮಾ. "ಬರೆಸಿ, ಅಂಟಿಸಿಕೊಂಡು, ಊರಿಗೆಲ್ಲ ತೋರಿಸಿಕೊಂಡು ಬಂದೆಯಾ?"

ಗಂಡ ಹೆಂಡತಿ ಎದುರುಬದುರು ನಿಂತರು, ಥೇಟ್ ರೋಕೊ ಬರೆದ ಹಾಗೆ. ಡೂಗನ್ ಇದ್ದಿದ್ದರೆ ಇನ್ನೊಂದು ಕರ್ಚೀಫು ಬೇಕಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಂಟಿಸಿಕೊಂಡವನ ಗತಿ ಏನೆಂದು ಯಾರೂ ಹೇಳಿಲ್ಲ.

ಕೊನೆಗೆ ಮಿಸೆಸ್ ಗ್ರೂಬರ್ ಊಟದ ಮೇಜಿನ ಯಜಮಾನನ ಜಾಗದಲ್ಲಿದ್ದ ಲೆಸ್ಟರ್‌ನ ಕುರ್ಚಿ ಎಳೆದು ಕೂತಳು.

"ಥೆಲ್ಮಾ, ಭಾನುವಾರದ ಬಸ್ ಟಿಕೆಟ್ ವಾಪಸ್ ಮಾಡು," ಎಂದಳು. "ನಾನು ಈ ನಕ್ಷತ್ರಮಂಡಲ ಬಿಟ್ಟು ಎಲ್ಲೂ ಹೋಗಲ್ಲ. ನೀನು ಕೆಲಸಕ್ಕೆ ಹೋದ್ಮೇಲೆ ಹಗಲು ಒಬ್ಬಳೇ ಇರೋದು ಬೇಜಾರು, ಅಷ್ಟೆ. ಅದಿರಲಿ ಲೆಸ್ಟರ್, ಸೋಮವಾರ ನೀನು ಆಫೀಸಿಗೆ ಎಷ್ಟು ಹೊತ್ತಿಗೆ ಹೊರಡ್ತೀಯ?"