ರಾಜನ ಕೆನ್ನೆಯ ಗೀರು

ನಾಣ್ಯ ಪರೀಕ್ಷೆ ಅಂಥ ಕಠಿಣ ವಿದ್ಯೆಯೇನಲ್ಲ ಎಂದು ನಾನು ನಂಬಿದ್ದೆ. ಒಂದು ಭೂತಗನ್ನಡಿ ಬೇಕು, ಒಂದು ಮೆತ್ತನೆಯ ಬಟ್ಟೆ ಬೇಕು, ಗಂಭೀರ ಮುಖ ಬೇಕು. ಹಳಿಯಾಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಮುಖದ ಕೊರತೆ ಇರಲಿಲ್ಲ. ಉಳಿದೆರಡನ್ನು ನಿವೃತ್ತಿಯಾದ ವಾರವೇ ತಂದುಕೊಂಡೆ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ ಮೇಲೆ ತಜ್ಞನಾಗದೆ ಬೇರೆ ದಾರಿಯೇ ಉಳಿಯಲಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಹೆಂಡತಿ ಶಾಂತಾಳ ಬಳಿಯಿದ್ದ, ರಾಜನ ಮುಖದ ಹಳೇ ಬೆಳ್ಳಿ ರೂಪಾಯಿ. ಇಂದೂರು ಹಳ್ಳಿಯಲ್ಲಿರುವ ನಮ್ಮ ಅತ್ತೆ, ತಮ್ಮ ಮಗಳಿಗೊಂದು, ಮಗ ಬಸವರಾಜನಿಗೊಂದು ಎಂದು ಒಂದೇ ದಿನ ಕೊಟ್ಟ ಜೋಡಿಯಲ್ಲಿ ಅದೊಂದು. ಲಕ್ಷ್ಮೀ ಪೂಜೆಗಲ್ಲದೆ ಶಾಂತಾ ಅದನ್ನು ಡಬ್ಬಿಯಿಂದ ಹೊರಗೆ ತೆಗೆಯುವವಳೇ ಅಲ್ಲ.

ಭೂತಗನ್ನಡಿ ಹಿಡಿದು ನೋಡಿದೆ. ಅಂಚಿನಲ್ಲಿ ಒಂದು ಕಚ್ಚು. ಅಲ್ಲಿಂದ ಹೊರಟ ಗೀರೊಂದು ರಾಜನ ಕೆನ್ನೆಯವರೆಗೆ ಬಂದು ನಿಂತಿತ್ತು.

ನನ್ನ ಗೊಂದಲ ಅಲ್ಲಿಂದ ಶುರು. ಟಂಕಸಾಲೆಯಲ್ಲಿ ಹೊಸ ನಾಣ್ಯಗಳನ್ನು ಚೀಲಕ್ಕೆ ಸುರಿಯುವಾಗ ಒಂದಕ್ಕೊಂದು ತಾಗಿ ಆದ ಗಾಯವನ್ನು ಕ್ಷಮಿಸಬಹುದಂತೆ. ಕೈಯಿಂದ ಕೈಗೆ ದಾಟಿ ಸವೆದಿದ್ದರೆ ದರ್ಜೆ ಇಳಿಯುತ್ತದಂತೆ. ಯಾರಾದರೂ ಗೀರಿದ್ದರೆ ಮುಗಿದೇ ಹೋಯಿತಂತೆ. ಇದು ಯಾವುದು? ಬೆಳಗಿನ ಬಿಸಿಲಲ್ಲಿ ಗೀರು ಹಗ್ಗದಷ್ಟು ದಪ್ಪ. ಟ್ಯೂಬ್‌ಲೈಟಿನ ಕೆಳಗೆ ಗೀರೇ ಇಲ್ಲ. ಹಿತ್ತಲಿಗೆ ಒಯ್ದರೆ ಎರಡು! ಒಂದೇ ದಿನದಲ್ಲಿ ಆ ನಾಣ್ಯಕ್ಕೆ ‘ಅತ್ಯುತ್ತಮ’, ‘ಸಾಧಾರಣ’, ‘ಗುಜರಿ’ ಎಂಬ ಮೂರು ದರ್ಜೆಗಳನ್ನು ದಯಪಾಲಿಸಿದೆ.

“ರೀ, ಪೂಜಾದ ರೂಪಾಯಿ ಅದು. ಮನಿ ತುಂಬ ಯಾಕ ತಿರುಗಾಡ್ಸಾಕತ್ತೀರಿ?” ಎಂದಳು ಶಾಂತಾ.

“ಇದರ ಮ್ಯಾಲೆ ಗಾಯ ಐತಿ. ಅತ್ತಿ ನಿನಗ ಕೊಟ್ಟಾಗ ಇತ್ತೇನು?”

“ಇರಲಿಲ್ಲ. ಆವಾಗ ಚೊಕ್ಕ ಇತ್ತು.”

ಡಬ್ಬಿಯೊಳಗೇ ಇರುವ ನಾಣ್ಯಕ್ಕೆ ಗಾಯವಾಗುವುದು ಹೇಗೆ? ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಒಂದು ವಿಡಿಯೋದಲ್ಲಿ ಥೇಟ್ ಅಂಥದೇ ಕಚ್ಚು ಕಂಡಿತು. ನಾಣ್ಯದಿಂದ ಸ್ಕ್ರೂ ತಿರುವಿದರೆ ಹಾಗಾಗುತ್ತದಂತೆ. ಸ್ಕ್ರೂ ಎಂದೊಡನೆ ನನಗೆ ಬಸವರಾಜ ನೆನಪಾದ. ಅವನದು ಪಂಪ್‌ಸೆಟ್ ರಿಪೇರಿ ಕೆಲಸ. ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಶಾಂತಾ ಡಬ್ಬಿಯನ್ನು ತವರಿನಲ್ಲಿ ಇಟ್ಟಿದ್ದಳಲ್ಲ! ಆಗ ಅವನು ತನ್ನ ಗಾಯದ ನಾಣ್ಯ ಡಬ್ಬಿಯಲ್ಲಿಟ್ಟು, ಅಕ್ಕನ ಚೊಕ್ಕ ನಾಣ್ಯ ತಾನು ಇಟ್ಟುಕೊಂಡಿದ್ದಾನೆ. ತಲೆ ಕೆಟ್ಟಾಗ ಗಂಡಸಿಗೆ ಮೊದಲು ಕಾಣಿಸುವವನು ಹೆಂಡತಿಯ ತಮ್ಮ.

ಶಾಂತಾಳಿಗೆ ಹೇಳಿದರೆ ತಡೆಯುತ್ತಾಳೆಂದು ಹೇಳಲಿಲ್ಲ. ಗುಟ್ಟಾಗಿ ವರದಿ ಬರೆದು, ಕೆಳಗೆ ಸಹಿ ಮಾಡಿ, ತಾರೀಖು ಹಾಕಿ, ರೂಪಾಯಿಯೊಂದಿಗೆ ಜೇಬಿನಲ್ಲಿಟ್ಟುಕೊಂಡೆ.

ನಾಗರ ಪಂಚಮಿಗೆ ಇಂದೂರಿಗೆ ಹೋದೆವು. ಅತ್ತೆ ಶೇಂಗಾ ಉಂಡಿಯ ತಾಟು ತಂದಿಟ್ಟರು. ಮೊದಲ ಉಂಡಿ ಮುಗಿಸಿ, “ಬಸವರಾಜ, ನಿನ್ನ ಬೆಳ್ಳಿ ರೂಪಾಯಿ ತಾ ನೋಡೂಣು” ಎಂದೆ. ಯಾಕೆಂದು ಕೇಳದೆ ತಂದ. ಅದರ ಮೇಲೆ ಒಂದು ಗೀರೂ ಇಲ್ಲ. ನಾನು ಜೇಬಿನ ನಾಣ್ಯವನ್ನು ಅದರ ಪಕ್ಕ ಇಟ್ಟು, ಎದ್ದು ನಿಂತು, ಎಲ್ಲರ ಮುಂದೆ ವರದಿ ಓದಿದೆ.

“ಸದರಿ ಗಾಯವು ಟಂಕಸಾಲೆಯದಲ್ಲ, ಬಳಕೆಯದೂ ಅಲ್ಲ. ಯಾರೋ ತಿಳಿಗೇಡಿಯು ನಾಣ್ಯದಿಂದ ಸ್ಕ್ರೂ ತಿರುವಲು ಹೋಗಿ, ಕೈ ಜಾರಿ ಮಾಡಿದ್ದು. ಇಂಥ ಕೈಗೆ ಮನೆಯ ಯಾವ ವಸ್ತುವನ್ನೂ ಕೊಡತಕ್ಕದ್ದಲ್ಲ. ಆದಕಾರಣ, ಇಂದೂರಿನಲ್ಲಿದ್ದಾಗ ನಾಣ್ಯ ಅದಲುಬದಲಾಗಿದೆಯೆಂದು ತೀರ್ಮಾನಿಸಲಾಗಿದೆ.”

ಬಸವರಾಜನ ಮುಖ ಸಣ್ಣದಾಯಿತು. ತನ್ನ ರೂಪಾಯಿಯನ್ನು ಅಕ್ಕನ ಮುಂದೆ ಸರಿಸಿದ.

“ಅಕ್ಕಾ, ನಾ ಬದಲ ಮಾಡಿಲ್ಲ. ಆದ್ರೂ ಇದನ್ನ ನೀನ ಇಟ್ಕೊ. ಒಂದ್ ರೂಪಾಯಿ ಸಲುವಾಗಿ ನೀ ಪಂಚಮಿಗೆ ಬರೂದು ಬಿಟ್ಟೀ ಮತ್ತ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಶಾಂತಾ ನನ್ನ ಕೈಯಿಂದ ವರದಿ ಇಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು.

“ರೀ, ಮದಿವಿ ಆದ ಹೊಸದಾಗಿ ನನ್ನ ಹೊಲಿಗಿ ಮಶೀನ್ ರಿಪೇರಿ ಮಾಡ್ತೇನಿ ಅಂತ ಕುಂತಿದ್ರಿ. ನೆನಪೈತೇನು?”

ಇತ್ತು. ಆ ಮಶೀನು ಆಮೇಲೆ ಹೊಲಿಯಲೇ ಇಲ್ಲ.

“ಸ್ಕ್ರೂ ಡ್ರೈವರ್ ಸಿಗಲಿಲ್ಲಂತ ಡಬ್ಬಿಗೆ ಕೈ ಹಾಕಿದವರು ಯಾರು?”

ಆ ಕೈ ನನ್ನದೇ. “ಮತ್ತ ಮೊನ್ನೆ ಕೇಳಿದಾಗ ಯಾಕ ಹೇಳಲಿಲ್ಲ?”

“ಅವ್ವ ಕೊಟ್ಟಾಗ ಇತ್ತೇನು ಅಂದ್ರಿ. ಇರಲಿಲ್ಲ ಅಂದೆ. ಆಮ್ಯಾಲಿಂದು ನೀವು ಕೇಳಲೇ ಇಲ್ಲ.” ಅವಳು ವರದಿಯನ್ನು ಮಡಚಿದಳು. “ಕಡೀ ಸಾಲು ಬಿಟ್ರ ಬರದದ್ದೆಲ್ಲಾ ಖರೆ ಐತಿ ಬಿಡ್ರಿ. ಸಹೀನೂ ಮಾಡಿದವರದ ಐತಿ.”

ಮೊದಲು ನಕ್ಕವನು ಬಸವರಾಜ. ನಾನು ಅವನ ಕೈ ಹಿಡಿದು, “ತಪ್ಪಾತೋ ತಮ್ಮಾ” ಎಂದೆ. “ಇರಲಿ ಬಿಡ್ರಿ ಮಾಮಾರ, ಉಂಡಿ ತಿನ್ರಿ” ಎಂದು ತಾಟನ್ನು ನನ್ನ ಕಡೆ ಸರಿಸಿದ. ಶಾಂತಾ ಅವನ ರೂಪಾಯಿಯನ್ನು ಅವನಿಗೇ ಕೊಟ್ಟು, ಗಾಯದ್ದನ್ನು ಸೆರಗಿಗೆ ಕಟ್ಟಿಕೊಂಡಳು.

ಈಗ ನನ್ನ ವರದಿಯೂ ಅದೇ ಡಬ್ಬಿಯಲ್ಲಿದೆ. ಮನೆಯಲ್ಲಿ ಫ್ಯಾನೋ ಮಿಕ್ಸರೋ ಕೆಟ್ಟು ನಾನು ಎದ್ದರೆ ಸಾಕು, ಶಾಂತಾ ಅದನ್ನು ತೆಗೆದು ಒಂದೇ ಸಾಲು ಓದುತ್ತಾಳೆ: “ಇಂಥ ಕೈಗೆ ಮನೆಯ ಯಾವ ವಸ್ತುವನ್ನೂ ಕೊಡತಕ್ಕದ್ದಲ್ಲ.”

ತಜ್ಞರ ಅಭಿಪ್ರಾಯ. ನಾನು ಮತ್ತೆ ಕೂರುತ್ತೇನೆ.